ಹಾಜರಿ ಪುಸ್ತಕದಲ್ಲಿ ಬರೆಯದ ಹೆಸರುಗಳು

ಈ ಸ್ಮರಣ ಸಂಚಿಕೆಗೋಸ್ಕರ ಹಳೆಯ ವಿದ್ಯಾರ್ಥಿನಿಯರ ಪಟ್ಟಿಯನ್ನು ಸಿದ್ಧಪಡಿಸಬೇಕೆಂದು ನಾವು ಕಪಾಟಿನೊಳಗಿಂದ ಹಳೆಯ ಹಾಜರಿ ಪುಸ್ತಕಗಳನ್ನು ತೆಗೆಸಿದೆವು. ಹುಳು ತಿಂದ ಹಾಳೆಗಳು ಕೆಲವು, ಶಾಯಿ ಮಾಸಿದವು ಹಲವು. ಒಂದು ಪುಟದಲ್ಲಿ ಬೋರ್ಡಿಂಗಿನ ಹನ್ನೊಂದು ಹುಡುಗಿಯರ ಹೆಸರುಗಳ ಎದುರಿಗೆ "ಹೋದಳು" ಎಂಬ ಒಂದೇ ಮಾತು ಬರೆದಿದೆ. ಮದುವೆಯಾಗಿ ಹೋದಳೋ, ಜ್ವರದಿಂದ ತೀರಿಹೋದಳೋ, ಬರೆದ ಉಪಾಧ್ಯಾಯಿನಿಗೆ ಗೊತ್ತಿದ್ದಿರಬೇಕು, ನಮಗೆ ಗೊತ್ತಾಗುವಂತಿಲ್ಲ. ಆ ಪುಟವನ್ನು ಕಂಡಾಗ, ಕೆಲವು ಕಾಲದಿಂದ ನಾವು ಓದುತ್ತಿರುವ ಒಂದು ವಿಷಯವನ್ನು, ಅಂದರೆ ಕೆನಡಾ ದೇಶದ ಮೂಲನಿವಾಸಿಗಳ ಕುರಿತು ನಡೆದ ಸಂಶೋಧನೆಯ ವೃತ್ತಾಂತವನ್ನು, ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯ್ತಂದೆಗಳ ಮುಂದೆ ಇಡುವದು ಯುಕ್ತವೆಂದು ತೋರಿತು. ಇದು ನಮ್ಮಂಥ ಶಾಲೆಗಳನ್ನು ಹೊಗಳುವ ಪಾಠವಲ್ಲವೆಂದು ಮೊದಲೇ ತಿಳಿಸುತ್ತೇವೆ.

ಕೆನಡಾದಲ್ಲಿ ಫಸ್ಟ್ ನೇಶನ್ಸ್, ಇನುಯಿಟ್, ಮೇಟಿ ಎಂಬ ಮೂರು ಪಂಗಡಗಳ ಮೂಲನಿವಾಸಿಗಳಿದ್ದಾರೆ. 1880ರ ದಶಕದಿಂದ ಅಲ್ಲಿಯ ಸರಕಾರವು ಇವರ ಮಕ್ಕಳಿಗೆಂದು ವಸತಿ ಶಾಲೆಗಳನ್ನು ದೇಶದಲ್ಲೆಲ್ಲಾ ಹಬ್ಬಿಸಿತು. ಹಣ ಸರಕಾರದ್ದು, ನಡಿಸುವ ಭಾರವು ಬಹುಮಟ್ಟಿಗೆ ಕ್ರೈಸ್ತ ಸಭೆಗಳದ್ದು. 1920ರಲ್ಲಿ ಕಾಯಿದೆಯನ್ನು ತಿದ್ದಿ, ಮಕ್ಕಳನ್ನು ಬಲವಂತದಿಂದ ಕರೆದೊಯ್ಯುವ ಅಧಿಕಾರವನ್ನೂ ಪಡೆದುಕೊಂಡರು. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ಅಷ್ಟರೊಳಗೆ 1,50,000ಕ್ಕೆ ಕಡಿಮೆಯಿಲ್ಲದಷ್ಟು ಮಕ್ಕಳು ಅವುಗಳ ಬಾಗಿಲನ್ನು ಹೊಕ್ಕಿದ್ದರು. ತಾಯ್ನುಡಿಯಲ್ಲಿ ಮಾತಾಡಿದ ಮಗುವಿಗೆ ಅನೇಕ ಕಡೆಗಳಲ್ಲಿ ಶಿಕ್ಷೆಯಾಗುತ್ತಿತ್ತು. ಅದೇ ಕಾಲದಲ್ಲಿ ನಮ್ಮ ನಾಡಿನಲ್ಲಿ ಕಿಟ್ಟೆಲರೆಂಬ ಮಿಶನರಿಯು ಕನ್ನಡದ ಒಂದೊಂದು ಮಾತನ್ನೂ ಹೆಕ್ಕಿ 1894ರಲ್ಲಿ ನಿಘಂಟನ್ನು ಅಚ್ಚು ಹಾಕಿಸಿದರಷ್ಟೆ. ಮಿಶನ್ ಎಂಬ ಹೆಸರು ಒಂದೇ ಆದ ಮಾತ್ರಕ್ಕೆ ಕೆಲಸವೂ ಒಂದೇ ಎಂದು ಎಣಿಸಲಾಗದು. ಆದರೆ ಈ ಭೇದವನ್ನು ಹೇಳಿ ಸಮಾಧಾನಪಟ್ಟು ಪುಸ್ತಕವನ್ನು ಮುಚ್ಚಿಬಿಡುವದೂ ನಮಗೆ ಒಪ್ಪುವದಿಲ್ಲ.

ಪೀಟರ್ ಹೆಂಡರ್ಸನ್ ಬ್ರೈಸ್ ಎಂಬ ವೈದ್ಯರು 1904ರಲ್ಲಿ ಆ ಇಲಾಖೆಯ ಮುಖ್ಯ ವೈದ್ಯಾಧಿಕಾರಿಗಳಾದರು. 1907ರಲ್ಲಿ ಅವರು ಪಶ್ಚಿಮದ ಬಯಲು ಸೀಮೆಯ 35 ಶಾಲೆಗಳ ವಿಷಯದಲ್ಲಿ ವರದಿ ಬರೆದರು. ಮುಖ್ಯೋಪಾಧ್ಯಾಯರಿಗೆ ಪ್ರಶ್ನೆಗಳನ್ನು ಕಳುಹಿಸಿ, ಬಂದ ಉತ್ತರಗಳನ್ನು ಕೂಡಿಸಿದಾಗ, ಲೆಕ್ಕಕ್ಕೆ ಸಿಕ್ಕಿದ 1,537 ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಶೇಕಡಾ 25 ಮಂದಿ ತೀರಿಹೋಗಿದ್ದರು. ಲೆಕ್ಕವನ್ನು ಸರಿಯಾಗಿ ಇಟ್ಟಿದ್ದ ಒಂದು ಶಾಲೆಯಲ್ಲಿ, ಬಿಟ್ಟುಹೋದ ಮಕ್ಕಳ ಪೈಕಿ ಶೇಕಡಾ 69 ಮಂದಿ ಬದುಕಿರಲಿಲ್ಲ. ಎಲ್ಲಾ ಕಡೆಯೂ ಕಾರಣ ಹೆಚ್ಚಾಗಿ ಒಂದೇ: ಕ್ಷಯರೋಗ. ರೋಗ ಹೇಗೆ ಹಬ್ಬಿತೆಂಬದನ್ನೂ ಬ್ರೈಸರು ಮರೆಮಾಚಲಿಲ್ಲ. ಚಳಿಗಾಲದಲ್ಲಿ ಸೌದೆ ಉಳಿಸಲು ಮಲಗುವ ಕೋಣೆಯ ಕಿಟಕಿಗಳನ್ನು ಬಿಗಿಯಾಗಿ ಮುಚ್ಚುತ್ತಿದ್ದರು. ಸರಕಾರದ ಸಹಾಯಧನವು ತಲೆಯೊಂದಕ್ಕೆ ಇಷ್ಟೆಂದು ಸಲ್ಲುತ್ತಿದ್ದದರಿಂದ, ಎಣಿಕೆ ತುಂಬಿಸುವದಕ್ಕೆ ರೋಗಿ ಮಕ್ಕಳನ್ನೂ ಸೇರಿಸಿಕೊಳ್ಳುತ್ತಿದ್ದರು. ಗ್ರಾಂಟಿನ ಲೆಕ್ಕ ಬರೆದು ಬಲ್ಲ ಯಾವ ಮುಖ್ಯೋಪಾಧ್ಯಾಯಿನಿಯಾದರೂ ಈ ವಾಕ್ಯದ ಬಳಿ ಒಂದು ಗಳಿಗೆ ನಿಲ್ಲದೆ ಮುಂದಕ್ಕೆ ಹೋಗಲಾರಳು.

ಆ ವರ್ಷವೇ ಪತ್ರಿಕೆಗಳಲ್ಲಿ ವರದಿಯ ಸುದ್ದಿ ಬಂತು. ಶಾಲೆಗಳ ಆಡಳಿತವನ್ನು ಸರಕಾರವೇ ವಹಿಸಿಕೊಳ್ಳಬೇಕು, ರೋಗಿ ಮಕ್ಕಳಿಗೆ ಆರೋಗ್ಯಧಾಮದಂಥ ಏರ್ಪಾಡು ಬೇಕು ಎಂದು ಬ್ರೈಸರು ಕೊಟ್ಟ ಸಲಹೆಗಳು ಕಡತದಲ್ಲೇ ಉಳಿದವು. ಕೆಲಸದಿಂದ ನಿವೃತ್ತರಾದ ಮೇಲೆ, 1922ರಲ್ಲಿ, ಅವರು ಈ ಸಂಗತಿಗಳನ್ನು ರಾಷ್ಟ್ರೀಯ ಅಪರಾಧವೆಂದು ಕರೆದು ಒಂದು ಕಿರುಪುಸ್ತಕವನ್ನು ಅಚ್ಚು ಹಾಕಿಸಿದರು. ಆದುದರಿಂದ, ಆ ಕಾಲದವರಿಗೆ ತಿಳಿದಿರಲಿಲ್ಲವೆಂಬ ಮಾತು ಸಲ್ಲದು. ತಿಳಿದಿತ್ತು, ಅಂಕಿಗಳೂ ಇದ್ದವು. ಆ ಅಂಕಿಗಳು ಯಾರ ಮಕ್ಕಳದ್ದೋ, ಅವರ ಕೈಯಲ್ಲಿ ಮಾತ್ರ ಇರಲಿಲ್ಲ.

ಇದಕ್ಕಿಂತ ಹೆಚ್ಚು ಮನಸ್ಸನ್ನು ಕಲಕುವ ಸಂಗತಿಯನ್ನು ಇಯಾನ್ ಮಾಸ್ಬಿ ಎಂಬ ಚರಿತ್ರಕಾರರು 2013ರಲ್ಲಿ ದಾಖಲೆಗಳಿಂದ ಹೊರತೆಗೆದರು. 1948ರಿಂದ 1952ರ ವರೆಗೆ ಆರು ವಸತಿ ಶಾಲೆಗಳಲ್ಲಿ, ಸುಮಾರು ಸಾವಿರ ಮಕ್ಕಳ ಮೇಲೆ, ಆಹಾರದ ಪ್ರಯೋಗಗಳು ನಡೆದಿದ್ದವು. ಮಕ್ಕಳು ಅರೆಹೊಟ್ಟೆಯಲ್ಲಿರುವರೆಂದು ಮೊದಲೇ ಕಂಡುಕೊಂಡಿದ್ದವರೇ ಪ್ರಯೋಗ ನಡಿಸಿದರು. ಆಲ್ಬರ್ನಿ ಎಂಬಲ್ಲಿಯ ಶಾಲೆಯಲ್ಲಿ ದಿನಕ್ಕೆ 8 ಔನ್ಸಿನ ಹಾಲನ್ನು ಎರಡು ವರ್ಷ ಹೆಚ್ಚಿಸದೆ ಇಟ್ಟರು, ಯಾಕಂದರೆ ಆಮೇಲೆ ಅದನ್ನು 24 ಔನ್ಸಿಗೆ ಏರಿಸಿದಾಗ ವ್ಯತ್ಯಾಸ ಸ್ಪಷ್ಟವಾಗಿ ಕಾಣಬೇಕಿತ್ತು. ಕೆಲವು ಶಾಲೆಗಳಲ್ಲಿ ಹಲ್ಲಿನ ಚಿಕಿತ್ಸೆಯನ್ನು ನಿಲ್ಲಿಸಿದರು. ಹಲ್ಲು ಸರಿಹೋದರೆ ಅಳತೆ ಕೆಡುವದಷ್ಟೆ! ತಾಯ್ತಂದೆಗಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಹಸಿದ ಮಗುವಿನ ಮುಂದೆ ಬಟ್ಟಲು ಇಡುವದಕ್ಕೆ ಎರಡು ವರ್ಷದ ಲೆಕ್ಕ ಬೇಕೆನ್ನುವ ವಿದ್ಯೆಯನ್ನು ನಾವು ವಿದ್ಯೆ ಎಂದು ಕರೆಯಲಾರೆವು.

ಆ ಆಲ್ಬರ್ನಿ ಇರುವ ವ್ಯಾಂಕೂವರ್ ದ್ವೀಪದ ನೂ-ಚಾ-ನುಲ್ತ್ ಜನರು ಸಂಧಿವಾತದಿಂದ ಬಹಳ ಬಳಲುತ್ತಿದ್ದರು. 1980ರ ದಶಕದಲ್ಲಿ ಕಾರಣ ಹುಡುಕಬಂದ ಪಂಡಿತರಿಗೆ ಅವರು ನಂಬಿ 883 ಮಂದಿಯ ರಕ್ತವನ್ನು ಕೊಟ್ಟರು. ಕಾರಣ ಸಿಕ್ಕಲಿಲ್ಲ. ರಕ್ತವು ಮಾತ್ರ ದೇಶದಿಂದ ದೇಶಕ್ಕೆ ಸಾಗಿ, ಕೊಟ್ಟವರನ್ನು ಕೇಳದೆ ಅವರ ಪೂರ್ವಿಕರ ಮೂಲವನ್ನು ಹುಡುಕುವ ಬೇರೆ ಕೆಲಸಗಳಿಗೆ ಬಳಸಲ್ಪಟ್ಟಿತು, 2004ರಲ್ಲಿ ಹಿಂದಿರುಗಿತು.

ಇಷ್ಟೆಲ್ಲಾ ಆದ ಮೇಲೆ ಆ ಜನರು ಸಂಶೋಧನೆಯೇ ಬೇಡವೆಂದು ಬಾಗಿಲು ಹಾಕಿಕೊಂಡರೆಂದು ವಾಚಕರು ಎಣಿಸಬಹುದು. ಹಾಗಾಗಲಿಲ್ಲ. 1994ರಲ್ಲಿ ಸರಕಾರವು ಆರಂಭಿಸಿದ ಮೂರು ದೊಡ್ಡ ಸಮೀಕ್ಷೆಗಳಲ್ಲಿ ಮೀಸಲು ಪ್ರದೇಶಗಳ ಫಸ್ಟ್ ನೇಶನ್ಸ್ ಜನರನ್ನು ಎಣಿಸದೆ ಬಿಟ್ಟರು. ಹಾಗಾದರೆ ನಾವೇ ಎಣಿಸಿಕೊಳ್ಳುವೆವೆಂದು ಹೊರಟು, 1997ರಲ್ಲಿ ಅವರು ತಮ್ಮದೇ ಆರೋಗ್ಯ ಸಮೀಕ್ಷೆಯನ್ನು ನಡಿಸಿದರು. ಮರುವರ್ಷ ಅವರ ಮುಂದಾಳುಗಳು ನಾಲ್ಕು ಮಾತುಗಳ ಒಂದು ನಿಯಮವನ್ನು ಗೊತ್ತುಮಾಡಿದರು: ಒಡೆತನ, ಹತೋಟಿ, ಪ್ರವೇಶ, ವಶ. ಒಂದು ಜನಾಂಗದ ವಿಷಯದಲ್ಲಿ ಕೂಡಿಸಿದ ತಿಳಿವಳಿಕೆಯು ಆ ಜನಾಂಗದ ಸೊತ್ತು. ಏನು ಕೇಳಬೇಕು, ಹೇಗೆ ಕೇಳಬೇಕು ಎಂಬದು ಅದರ ಹತೋಟಿಯಲ್ಲಿರಬೇಕು. ಬೇಕಾದಾಗ ತೆರೆದು ಓದಲು ಅದಕ್ಕೆ ದಾರಿಯಿರಬೇಕು. ಕಾಗದಗಳೂ ಅದರ ವಶದಲ್ಲೇ ಇರಬೇಕು. ನಾಲ್ಕನೆಯದು ಮೊದಲು ನಮಗೆ ಹಟವೆಂದು ತೋರಿತ್ತು. ಬ್ರೈಸರ ವರದಿಯನ್ನು ನೆನೆದಾಗ ಹಾಗೆ ತೋರಲಿಲ್ಲ.

ಹೀಗೆ ಸ್ವಂತ ಆಡಳಿತಕ್ಕೂ ದೇಹಮನಸ್ಸುಗಳ ಆರೋಗ್ಯಕ್ಕೂ ಸಂಬಂಧವುಂಟೋ? ಮೈಕಲ್ ಚಾಂಡ್ಲರ್, ಕ್ರಿಸ್ಟೊಫರ್ ಲಾಲೋಂಡ್ ಎಂಬಿಬ್ಬರು ಬ್ರಿಟಿಷ್ ಕೊಲಂಬಿಯಾದ 196 ಸಮುದಾಯಗಳಲ್ಲಿ 1987ರಿಂದ 1992ರ ವರೆಗೆ ಯುವಕ ಯುವತಿಯರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡ ಲೆಕ್ಕವನ್ನು ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದರು. ಈ ದುಃಖವು ಎಲ್ಲಾ ಕಡೆ ಸಮನಾಗಿ ಹರಡಿರಲಿಲ್ಲ. ಕೆಲವೇ ಊರುಗಳಲ್ಲಿ ಭಯಂಕರವಾಗಿತ್ತು. ಬಹಳ ಊರುಗಳಲ್ಲಿ ಒಂದೂ ಇರಲಿಲ್ಲ. ಭೂಮಿಯ ಹಕ್ಕಿಗೋಸ್ಕರ ಹೋರಾಟ, ಸ್ವಯಮಾಡಳಿತ, ತಮ್ಮ ಶಾಲೆ, ತಮ್ಮ ಆರೋಗ್ಯಸೇವೆ, ತಮ್ಮ ಪೊಲೀಸು ಮತ್ತು ಬೆಂಕಿ ಆರಿಸುವ ದಳ, ತಮ್ಮ ಸಂಸ್ಕೃತಿಯ ಮಂದಿರ, ಈ ಆರೂ ಇದ್ದ ಊರುಗಳಲ್ಲಿ ಆ ವರ್ಷಗಳಲ್ಲಿ ಅಂಥ ಮರಣ ಒಂದೂ ಆಗಲಿಲ್ಲ. ಒಂದೂ ಇಲ್ಲದ ಊರುಗಳಲ್ಲಿಯೇ ಅತಿ ಹೆಚ್ಚು. ಮುಂದೆ 2007ರಲ್ಲಿ, ಹೆಚ್ಚಿನವರು ತಾಯ್ನುಡಿಯನ್ನು ಆಡಬಲ್ಲ ಊರುಗಳ ವಿಷಯದಲ್ಲಿಯೂ ಹೀಗೆಯೇ ಕಂಡುಬಂತು. ಜೊತೆಯಾಗಿ ಕಾಣುವದೆಲ್ಲಾ ಕಾರಣವೆಂದು ಹೇಳಲಾಗದು. ಗಣಿತದ ಪಾಠದಲ್ಲಿ ನಾವೇ ಹಾಗೆ ಕಲಿಸುತ್ತೇವೆ. ಆದರೂ ನೋವಾಸ್ಕೋಶಿಯಾ ಪ್ರಾಂತದ ಮಿಗ್ಮಾ ಜನರು 1997ರ ಒಡಂಬಡಿಕೆಯಂತೆ ತಮ್ಮ ಶಾಲೆಗಳನ್ನು ತಾವೇ ನಡಿಸತೊಡಗಿದ ಮೇಲೆ, ಹೈಸ್ಕೂಲು ಮುಗಿಸುವ ಅವರ ಮಕ್ಕಳ ಪ್ರಮಾಣವು ಶೇಕಡಾ 90ರ ಹತ್ತಿರಕ್ಕೆ ಏರಿತೆಂಬದನ್ನು ಇದರ ಪಕ್ಕದಲ್ಲಿಟ್ಟು ನೋಡತಕ್ಕದ್ದು.

ವಸತಿ ಶಾಲೆಗಳ ವಿಚಾರಣೆಗೆಂದು 2008ರಲ್ಲಿ ನೇಮಕವಾದ ಸತ್ಯ ಮತ್ತು ಸಮಾಧಾನ ಆಯೋಗವು, ಮೂಲನಿವಾಸಿಗಳವರೇ ಆದ ನ್ಯಾಯಾಧೀಶ ಮರ್ರೇ ಸಿಂಕ್ಲೇರರ ಅಧ್ಯಕ್ಷತೆಯಲ್ಲಿ, ಸಾವಿರಾರು ಹಳೆಯ ವಿದ್ಯಾರ್ಥಿಗಳ ಬಾಯಿಂದ ಅವರ ಕಥೆಯನ್ನು ಕೇಳಿ 2015ರಲ್ಲಿ ವರದಿ ಒಪ್ಪಿಸಿತು. ಆಗ ಲೆಕ್ಕಕ್ಕೆ ಸಿಕ್ಕಿದ ಮಕ್ಕಳ ಮರಣಗಳು 3,200. ಅವುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲಿಗೆ ಹೆಸರೇ ಇಲ್ಲ. ಸುಮಾರು ಅರ್ಧದಷ್ಟಕ್ಕೆ ಕಾರಣ ಬರೆದಿಲ್ಲ. ಕಾಲು ಭಾಗದಷ್ಟಕ್ಕೆ ಸತ್ತದ್ದು ಹುಡುಗನೋ ಹುಡುಗಿಯೋ ಎಂದೂ ಇಲ್ಲ. ಹುಡುಕಿ ತೆಗೆದ 2,800 ಹೆಸರುಗಳನ್ನು 2019ರ ಸೆಪ್ಟೆಂಬರ್ 30ರಂದು, 50 ಮೀಟರ್ ಉದ್ದದ ಕೆಂಪು ಬಟ್ಟೆಯ ಮೇಲೆ ಬರೆದು, ಜನರ ಮುಂದೆ ಬಿಚ್ಚಿದರು.

ನಮ್ಮ ಪುಟದ ಹನ್ನೊಂದು ಹುಡುಗಿಯರ ಪೈಕಿ ನಾಲ್ವರ ಊರಿನ ಹೆಸರು ಭೂತಗನ್ನಡಿಯಿಂದ ಓದಲು ಬರುತ್ತದೆ. ಆ ಪುಟವನ್ನು ನಕಲು ಮಾಡಿಸಿ ಆಫೀಸಿನ ಎದುರಿನ ಗೋಡೆಗೆ ಹಚ್ಚಿದ್ದೇವೆ. ಉತ್ಸವಕ್ಕೆ ಬರುವವರು ನಿಂತು ಓದಬೇಕೆಂದೂ, ತಮ್ಮ ಅಜ್ಜಿಯ, ದೊಡ್ಡಮ್ಮನ ಹೆಸರು ಕಂಡರೆ ನಮಗೆ ಹೇಳಬೇಕೆಂದೂ ಬೇಡುತ್ತೇವೆ. "ಹೋದಳು" ಎಂಬ ಮಾತಿನ ಮುಂದೆ ಏನು ಬರೆಯಬೇಕು, ಏನು ಬರೆಯಬಾರದು ಎಂಬದನ್ನು ಆ ಮನೆಯವರೇ ತಿಳಿಸಲಿ.