ಸೂಸನ್ ರಾಣಿ ಎಲ್ಲಿ?

ಪುಟ್ಟಿ, ಆ ಪುಸ್ತಕವನ್ನು ನೀನು ಮಂಚದ ಕೆಳಗೆ ತಳ್ಳಿದ್ದನ್ನು ನೋಡಿದೆ. ಎತ್ತಿಟ್ಟಿದ್ದೇನೆ, ಬೈಯಲು ಬಂದವಳಲ್ಲ. ಸಿ.ಎಸ್. ಲೂಯಿಸ್‌ನ ನಾರ್ನಿಯಾ ಕತೆ ಏಳು ಪುಸ್ತಕ, 1950ರಿಂದ 1956ರವರೆಗೆ ವರ್ಷಕ್ಕೊಂದರಂತೆ ಬಂದದ್ದು. ಊಟ ತಿಂಡಿ ಮರೆತು ಆರನ್ನು ಮುಗಿಸಿದವಳು ಏಳನೆಯದರ ಕೊನೆಗೆ ಮುಖ ಊದಿಸಿಕೊಂಡು ಕೂತಿದ್ದೀಯ. ‘ದಿ ಲಾಸ್ಟ್ ಬ್ಯಾಟಲ್‌’ಗೆ ಕಾರ್ನೆಗಿ ಪದಕ ಬಂದಿದೆಯಂತೆ, ನನಗೇ ಅರ್ಥವಾಗಿಲ್ಲವೇನೋ ಎಂದು ಅಮ್ಮನ ಹತ್ತಿರ ಅಂದೆಯಲ್ಲ, ಆ ಮಾತು ನನಗೆ ಹಿಡಿಸಲಿಲ್ಲ. ಪದಕ ಕೊಟ್ಟವರು ನಿನ್ನ ಪಾಲಿನದನ್ನೂ ಸೇರಿಸಿ ಓದಿಬಿಟ್ಟರೇನು?

ಹಾಗೆಂದು ‘ಚೆನ್ನಾಗಿಲ್ಲ’ ಅಂದು ಎದ್ದುಹೋದರೂ ಆಗಲಿಲ್ಲ. ಎಲ್ಲಿ ಕೈಕೊಟ್ಟಿತು, ಪುಟ ಹುಡುಕಬೇಕು. ನಿನ್ನೆ ರಾತ್ರಿ ನಾನೂ ಹುಡುಕಿದೆ. ಸೂಸನ್ ರಾಣಿ ಎಲ್ಲಿ ಎಂದು ರಾಜ ಟಿರಿಯನ್ ಕೇಳುತ್ತಾನೆ. ಅವಳಿಗೆ ನಾರ್ನಿಯಾದ ನಂಟು ಬಿಟ್ಟುಹೋಯಿತೆಂದು ಅವಳಣ್ಣ ಪೀಟರ್ ಚುಟುಕಾಗಿ ಮುಗಿಸುತ್ತಾನೆ. ಲಿಪ್‌ಸ್ಟಿಕ್ಕು, ನೈಲಾನ್ ಕಾಲುಚೀಲ, ಪಾರ್ಟಿಯ ಕರೆ, ಇಷ್ಟೇ ಅವಳ ಲೋಕ ಎಂದು ಜೊತೆಗಿದ್ದ ಹುಡುಗಿ ಜಿಲ್ ಸೇರಿಸುತ್ತಾಳೆ.

ಮೊದಲ ಪುಸ್ತಕ ನೆನಪಿದೆಯಾ? ಸಿಂಹ ಆಸ್ಲಾನ್ ಸಾಯಲು ಹೊರಟ ರಾತ್ರಿ ಅವನ ಜೂಲಿನಲ್ಲಿ ಕೈಯಿಟ್ಟು ನಡೆದವರು ತಂಗಿ ಲೂಸಿ ಮತ್ತು ಇದೇ ಸೂಸನ್. ಅವನ ಹೆಣದ ಬಾಯಿಗೆ ಬಿಗಿದಿದ್ದ ಕಟ್ಟನ್ನು, ಚಳಿಗೆ ಮರಗಟ್ಟಿದ ಬೆರಳಲ್ಲಿ ಬಿಚ್ಚಿದವರೂ ಇವರೇ. ಪೀಟರ್ ಆಗ ಅಲ್ಲಿರಲೇ ಇಲ್ಲ.

ನಮ್ಮ ಧರ್ಮರಾಯನೂ ಮಹಾಪ್ರಸ್ಥಾನದಲ್ಲಿ ದ್ರೌಪದಿ ಬಿದ್ದಾಗ ಕಾರಣವೊಂದನ್ನು ಹೇಳಿ ಮುಂದೆ ನಡೆದವನೇ. ಚಿಕ್ಕವಳಿದ್ದಾಗ ಅದನ್ನು ಕೇಳಿ ನನಗೂ ಸಿಟ್ಟು ಬಂದಿತ್ತು. ಆದರೆ ಸ್ವರ್ಗ ಸೇರಿದ ಮೇಲೆ ಅವನು ತನ್ನವರೆಲ್ಲಿ ಎಂದು ಕೇಳಿದ, ಅವರಿರುವ ನರಕವೇ ಸಾಕೆಂದು ಅಲ್ಲೇ ನಿಂತ. ಪೀಟರನಿಗೆ ಅದು ಹೊಳೆಯಲಿಲ್ಲ. ಸೂಸನ್‌ಳ ಅಪ್ಪ, ಅಮ್ಮ, ಅಣ್ಣ, ತಮ್ಮ, ತಂಗಿ ಎಲ್ಲರೂ ರೈಲು ಅಪಘಾತದಲ್ಲಿ ಸತ್ತು ಚೆಂದದ ಲೋಕ ಸೇರುತ್ತಾರೆ. ಇಂಗ್ಲೆಂಡಿನಲ್ಲಿ ಒಬ್ಬಳೇ ಉಳಿದ ಹುಡುಗಿಯ ಸೊಲ್ಲೇ ಇಲ್ಲ.

ಲೂಯಿಸ್ ಕಲ್ಲೆದೆಯವನೇನಲ್ಲ. 1908ರಲ್ಲಿ, ಒಂಬತ್ತು ವರ್ಷದವನಿದ್ದಾಗ, ತಾಯಿಯನ್ನು ಕ್ಯಾನ್ಸರಿಗೆ ಕಳೆದುಕೊಂಡವನು. ‘ದಿ ಮೆಜಿಶಿಯನ್ಸ್ ನೆಫ್ಯೂ’ನಲ್ಲಿ ಹುಡುಗ ಡಿಗೊರಿಯ ಅಮ್ಮ ನಾರ್ನಿಯಾದ ಸೇಬು ತಿಂದು ಬದುಕುತ್ತಾಳಲ್ಲ, ಅಲ್ಲಿ ನೀನು ಕಣ್ಣೊರೆಸಿಕೊಂಡಿದ್ದೆ. ಆ ಸೇಬು ಕೊಟ್ಟ ಕೈಯೇ ಇಲ್ಲಿ ಜಿಪುಣತನ ಮಾಡಿತು. ಎರಡನ್ನೂ ಮನಸ್ಸಿನಲ್ಲಿಟ್ಟುಕೋ, ಒಂದಕ್ಕಾಗಿ ಇನ್ನೊಂದನ್ನು ಅಳಿಸಬೇಡ.

ನಿನಗೆ ಬಂದ ಸಂಕಟ ಆಗಲೇ ಬೇರೆಯವರಿಗೂ ಬಂದಿತ್ತು. ಅವನಿಗೇ ಕಾಗದ ಬರೆದು ಕೇಳಿದರು. ಸೂಸನ್‌ಗೆ ಇನ್ನೂ ಕಾಲವಿದೆ, ತನ್ನದೇ ದಾರಿಯಲ್ಲಿ ಬಂದರೂ ಬಂದಾಳು ಎಂದು ಒಬ್ಬರಿಗೆ ಉತ್ತರಿಸಿದ. 1960ರಲ್ಲಿ ಇನ್ನೊಬ್ಬರಿಗೆ, ಆ ಕತೆ ತನ್ನ ಕೈಲಾಗದು, ನೀವೇ ಯಾಕೆ ಬರೆಯಬಾರದು ಅಂದ. ಜಾರಿಕೊಂಡ ಅನ್ನು ಬೇಕಾದರೆ. ನನಗೆ ಮಾತ್ರ ಅದು ಬೀಗದ ಕೈ ಕೊಟ್ಟಂತೆ ಕಂಡಿತು.

ಮೇಜಿನ ಮೇಲೆ ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಅಪಘಾತದ ಮಾರನೆಯ ಬೆಳಿಗ್ಗೆ ಸೂಸನ್ ಖಾಲಿ ಮನೆಯ ಬಾಗಿಲು ತೆಗೆಯುವಲ್ಲಿಂದ ಶುರುಮಾಡು. ಅಕ್ಷರ ಸ್ವಲ್ಪ ದಪ್ಪಗಿರಲಿ, ನಿನ್ನ ಪುಸ್ತಕ ಓದಿ ಓದಿ ನನ್ನ ಕಣ್ಣು ಇನ್ನೂ ಉರಿಯುತ್ತಿದೆ.