ಕಾಗದ ಬಂದ ಸುದ್ದಿ

ಸವದತ್ತಿ ತಾಲ್ಲೂಕಿನ ಹೂಲಿಯಂತಹ ಊರುಗಳಲ್ಲಿ ಹಿಂದೆ ಟಪಾಲಿನವನು ಓಣಿಗೆ ಕಾಲಿಟ್ಟೊಡನೆ ಹುಡುಗರು ಕೂಗುತ್ತಿದ್ದರು. ಕಾಗದಕ್ಕಿಂತ ಮೊದಲು ಅದರ ಸುದ್ದಿ ಮನೆ ಮುಟ್ಟುತ್ತಿತ್ತು. ಗಣಕಯಂತ್ರಕ್ಕೆ ಬರುವ ಮಿಂಚಂಚೆಯಾದರೋ ಸದ್ದಿಲ್ಲದೆ ಬಂದು ಬಿದ್ದಿರುತ್ತದೆ. ಅದನ್ನು ಮತ್ತೆ ಮತ್ತೆ ತೆರೆದು ನೋಡುತ್ತಿರಬೇಕು. ಇಲ್ಲವಾದರೆ ತುರ್ತಿನ ಪತ್ರವೂ ಕಣ್ಣಿಗೆ ಬೀಳದೆ ಉಳಿದೀತು.

ಈ ತೊಡಕಿಗೆ ಪರಿಹಾರವಾಗಿ 1980ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ‘ಬಿಫ್’ ಎಂಬ ತಂತ್ರಾಂಶ ರಚಿತವಾಯಿತು. ಬಿಫ್ ಎಂಬುದು ಅಲ್ಲಿನ ಒಂದು ನಾಯಿಯ ಹೆಸರು! ಅದು ಅಂಚೆಯವನನ್ನು ಕಂಡರೆ ಬೊಗಳುತ್ತಿತ್ತೆಂಬ ಕಥೆ ಸೊಗಸಾಗಿದೆ. ಆದರೆ ಅದರ ಒಡತಿಯೇ ಅದನ್ನು ಅಲ್ಲಗಳೆದಿದ್ದಾರೆ. ಪತ್ರ ಬಂದೊಡನೆ ಈ ತಂತ್ರಾಂಶವು ಸದ್ದು ಮಾಡಿ, ಬರೆದವರ ಹೆಸರನ್ನೂ ಮೊದಲ ಕೆಲವು ಸಾಲುಗಳನ್ನೂ ಪರದೆಯ ಮೇಲೆ ಮೂಡಿಸುತ್ತಿತ್ತು. ಕೆಲಸದಲ್ಲಿ ಮುಳುಗಿದವರು ‘ಬಿಫ್ ಎನ್’ ಎಂದು ಬೆರಳಚ್ಚಿಸಿದರೆ ಸಾಕು, ಅದು ಸುಮ್ಮನಾಗುತ್ತಿತ್ತು. ಓಣಿಯ ಹುಡುಗರನ್ನು ಹಾಗೆ ಸುಮ್ಮನಿರಿಸುವುದು ಯಾರಿಂದಲೂ ಆಗುತ್ತಿರಲಿಲ್ಲ.