ಒಂದೇ ಬಳಗದ ಕೀಮೋ ಔಷಧಿ: ಹೋಲಿಸುವುದು ಹೇಗೆ?

ಮಂಡ್ಯ, ಮದ್ದೂರು, ಮಳವಳ್ಳಿಯಿಂದ ಕೀಮೋಗೆಂದು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಮೈಸೂರಿಗೋ ಹೋದವರು ಕಾಯುವ ಹೊತ್ತಿನಲ್ಲಿ ಪಕ್ಕದವರ ಚೀಟಿಯನ್ನೂ ನೋಡುತ್ತಾರೆ. ಅವರಿಗೆ ಕಾರ್ಬೊಪ್ಲಾಟಿನ್, ನಮಗೆ ಸಿಸ್‌ಪ್ಲಾಟಿನ್. ನಮಗೆ ಕೊಟ್ಟದ್ದು ಕಡಿಮೆ ದರ್ಜೆಯದೇ ಎಂಬ ಅನುಮಾನ ಅಲ್ಲೇ ಹುಟ್ಟುತ್ತದೆ.

ಮೊದಲು ಔಷಧಿಯ ಮೂಲ ಹೆಸರು ಬರೆದುಕೊಳ್ಳಿ, ಕಂಪನಿ ಇಟ್ಟ ಹೆಸರಲ್ಲ. ಕೊನೆಗೆ ‘ಪ್ಲಾಟಿನ್’ ಎಂದಿದ್ದರೆ ಅದು ಪ್ಲಾಟಿನಂ ಬಳಗದ್ದು.

ಆಮೇಲೆ ಯಾವ ಕ್ಯಾನ್ಸರ್ ಎಂದು ನೋಡಿ. ಬಾಯಿ, ಗಂಟಲು, ಗರ್ಭಕೊರಳಿನ ಕ್ಯಾನ್ಸರಿಗೆ ರೇಡಿಯೇಷನ್ ಜತೆ ಸಾಮಾನ್ಯವಾಗಿ ಮೊದಲ ಆಯ್ಕೆ ಸಿಸ್‌ಪ್ಲಾಟಿನ್. ಅಮೆರಿಕದಲ್ಲಿ 1978ರಲ್ಲೇ ಅನುಮತಿ ಪಡೆದ ಔಷಧಿ ಅದು, ಹಳೆಯದೆಂದು ಕಳಪೆಯಲ್ಲ. ವೃಷಣದ ಕ್ಯಾನ್ಸರಿಗೆ ಕಾರ್ಬೊಪ್ಲಾಟಿನ್‌ಗಿಂತ ಇದೇ ಮೇಲು. ಅಂಡಾಶಯದ ಕ್ಯಾನ್ಸರಿಗೆ ಎರಡೂ ಸರಿಸಮ, ಹಾಗಾಗಿ ಮೈ ತಡೆದುಕೊಳ್ಳುವ ಕಾರ್ಬೊಪ್ಲಾಟಿನ್ ಕಡೆಗೇ ಒಲವು. ದೊಡ್ಡ ಕರುಳಿನದಕ್ಕೆ ಆಕ್ಸಾಲಿಪ್ಲಾಟಿನ್.

ಮಿಲಿಗ್ರಾಂ ಹೋಲಿಸಲೇಬೇಡಿ. ಸಿಸ್‌ಪ್ಲಾಟಿನ್ ಪ್ರಮಾಣಕ್ಕೆ ಎತ್ತರ, ತೂಕ ಲೆಕ್ಕ. ಕಾರ್ಬೊಪ್ಲಾಟಿನ್‌ಗೆ ಕಿಡ್ನಿಯ ಶಕ್ತಿ ಲೆಕ್ಕ. ಒಬ್ಬರಿಗೆ 60, ಇನ್ನೊಬ್ಬರಿಗೆ 450 ಎಂದರೆ ಎರಡನೆಯದು ಜೋರು ಎಂದಲ್ಲ.

ಹೋಲಿಸಬೇಕಾದದ್ದು ಮೈಯ ಯಾವ ಭಾಗಕ್ಕೆ ಪೆಟ್ಟು ಎಂಬುದನ್ನು. ಸಿಸ್‌ಪ್ಲಾಟಿನ್ ಕಿಡ್ನಿಗೂ ಕಿವಿಗೂ ತೊಂದರೆ ಮಾಡಬಲ್ಲದು, ವಾಂತಿಯೂ ಹೆಚ್ಚು. ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ ವರದಿ ತಪ್ಪದೆ ಒಯ್ಯಿರಿ. ಮಂಡಿನೋವಿಗೆ ನುಂಗುವ ಮಾತ್ರೆ, ಸಕ್ಕರೆ ಕಾಯಿಲೆ, ಕಿವಿ ಮಂದವಾಗಿರುವುದು ಎಲ್ಲವನ್ನೂ ಹೇಳಿ. ಸಿಸ್‌ಪ್ಲಾಟಿನ್ ಜತೆ ಗಂಟೆಗಟ್ಟಲೆ ಡ್ರಿಪ್ ಹಾಕುತ್ತಾರೆ. ಮಳವಳ್ಳಿಗೆ ರೈಲಿಲ್ಲ, ಊರಿಗೆ ಮರಳಲು ಎಷ್ಟು ಹೊತ್ತಿಗೆ ಬಿಡುತ್ತಾರೆಂದು ಮೊದಲೇ ಕೇಳಿಕೊಳ್ಳಿ. ಕಾರ್ಬೊಪ್ಲಾಟಿನ್ ಬೇಗ ಮುಗಿಯುತ್ತದೆ, ಆದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿಸುತ್ತದೆ. ಒಸಡಿನಲ್ಲಿ ರಕ್ತ ಕಂಡರೆ ತಡಮಾಡಬಾರದು. ಆಕ್ಸಾಲಿಪ್ಲಾಟಿನ್ ಆದ ಕೆಲವು ದಿನ ತಣ್ಣನೆಯದು ತಾಗಿದರೆ ಬೆರಳು ಜುಮುಗುಡುತ್ತದೆ, ಗಂಟಲು ಹಿಡಿದಂತಾಗುತ್ತದೆ. ಮದ್ದೂರಿನ ಎಳನೀರಾದರೂ ಫ್ರಿಜ್‌ನಿಂದ ತೆಗೆದದ್ದು ಬೇಡ. ಕಿಡ್ನಿ ಸೋತವರಿಗಂತೂ ಎಳನೀರಿನ ಪೊಟ್ಯಾಸಿಯಂ ಅಪಾಯ, ಕೇಳದೆ ಕುಡಿಯಬಾರದು.

ಇಷ್ಟು ತಿಳಿದ ಮೇಲೆ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ: ‘ಡಾಕ್ಟ್ರೇ, ನನಗೆ ಇದನ್ನೇ ಯಾಕೆ ಆರಿಸಿದಿರಿ? ಕಿಡ್ನಿ ತಡೆಯದಿದ್ದರೆ ಬೇರೆ ಏನು ಕೊಡ್ತೀರಿ?’ ಇದು ಎದುರುವಾದವಲ್ಲ, ರೋಗಿಯ ಹಕ್ಕು. ಔಷಧಿ ಬದಲಾದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಅದೂ ಸಿಗುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸಿ.

ಯಾವ ಔಷಧಿಯಾದರೂ ಸರಿ, ಕೀಮೋ ನಂತರ ಜ್ವರ 100.4 ಡಿಗ್ರಿ ಮುಟ್ಟಿದರೆ ಮುಂದಿನ ತಾರೀಖಿನವರೆಗೆ ಕಾಯಬೇಡಿ. ಅದೇ ರಾತ್ರಿ ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಹೋಗಿ, ಬರೆದಿಟ್ಟ ಔಷಧಿ ಹೆಸರು, ಕೀಮೋ ಕೊಟ್ಟ ತಾರೀಖು ತೋರಿಸಿ.